ನೆರಳು ಬೀಳಬಾರದ ಪುಸ್ತಕ

ನಮ್ಮ ಮನೆಯಲ್ಲಿ ಲೆಕ್ಕದ ಪುಸ್ತಕದ ಮೇಲೆ ಬರೆಯುವವರ ನೆರಳನ್ನು ಬಿಟ್ಟು ಇನ್ನೊಬ್ಬರ ನೆರಳು ಬೀಳಬಾರದು ಎಂದಿತ್ತು. ಬಿದ್ದರೆ ಮಗ್ಗಕ್ಕೆ ಏರಿಸಿದ ಹಾಸು, ಆ ಉದ್ದದ ಎಳೆಗಳು, ನಡುವೆ ಹರಿಯುತ್ತವಂತೆ. ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಬಂದ ಮೊದಲ ವಾರದಲ್ಲೇ ಅತ್ತೆಯವರು ಇದನ್ನು ನನಗೆ ಹೇಳಿದ್ದರು, ಹೊಸ್ತಿಲ ಮೇಲೆ ಕೂರಬಾರದು, ದೀಪ ಹಚ್ಚಿದ ಮೇಲೆ ಕಸ ಗುಡಿಸಬಾರದು ಎನ್ನುವುದರ ಜೊತೆಗೆ. ನಾನು ನಾಲ್ಕನೇ ತರಗತಿಯವರೆಗೆ ಓದಿದವಳು. ಅಕ್ಷರ ಕಂಡರೆ ಕಣ್ಣು ತಾನಾಗಿ ಅತ್ತ ಹೋಗುತ್ತಿತ್ತು. ಆದರೂ ಹದಿನಾರು ವರ್ಷ ಆ ಪುಸ್ತಕದ ಕಡೆ ತಲೆ ಹಾಕಲಿಲ್ಲ.

ನಮ್ಮದು ಆರು ಗುಂಡಿ ಮಗ್ಗಗಳ ಮನೆ, ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವಂಥವು. ಆರು ಜನ ನೇಯುವವರು, ನಮ್ಮ ಯಜಮಾನರು, ನಾನು, ಮತ್ತೆ ಗುಮಾಸ್ತರು. ಗುಮಾಸ್ತರು ಮಾವನವರ ಕಾಲದಿಂದ ಇದ್ದವರು, ಬ್ರಾಹ್ಮಣರು, ಮಡದಿ ತೀರಿಕೊಂಡ ಮೇಲೆ ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬರೇ ಇದ್ದರು. ಎಲ್ಲರೂ ಅವರನ್ನು ಅಯ್ನೋರು ಎನ್ನುತ್ತಿದ್ದರು. ಪಡಸಾಲೆಯಲ್ಲಿ, ನೂಲಿಡುವ ಉಗ್ರಾಣದ ಬಾಗಿಲ ಪಕ್ಕಕ್ಕೆ ಅವರ ಚಾಪೆ, ಬರೆಯುವ ಪೆಟ್ಟಿಗೆ, ಮಸಿ ಕುಡಿಕೆ, ಗೆರೆ ನೇರವಾಗಿರಲೆಂದು ಇಟ್ಟುಕೊಳ್ಳುವ ರೂಲು ದೊಣ್ಣೆ. ಬೆಳಿಗ್ಗೆ ನಾನು ರಂಗೋಲಿ ಹಾಕಿ ಏಳುವಷ್ಟರಲ್ಲಿ ಅವರು ಗೋಡೆಗೆ ಒರಗಿ ಕೂತಿರುತ್ತಿದ್ದರು. ಯಜಮಾನರು ಉಗ್ರಾಣದಿಂದ ನೂಲಿನ ಲಡಿ ತೆಗೆದು ಒಬ್ಬೊಬ್ಬರಿಗೆ ಕೊಡುತ್ತಾ ಕೂಗಿ ಹೇಳುವರು. ಅಯ್ನೋರು ಬರೆದುಕೊಳ್ಳುವರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಆರೂ ಜನ ಕೈ ತೊಳೆದು ಬಂದು ಪಡಸಾಲೆಯಲ್ಲಿ ನಿಲ್ಲುವರು. ಅಯ್ನೋರು ಪುಸ್ತಕ ಎತ್ತಿ ಹಿಡಿದು ಅಂದಿನದ್ದನ್ನು ಗಟ್ಟಿಯಾಗಿ ಓದುವರು.

"ಒಂದನೇ ಮಗ್ಗಕ್ಕೆ ಮೂರು ಲಡಿ. ಹೌದೋ?"

"ಹೌದು ಅಯ್ನೋರೆ."

"ಎರಡನೇ ಮಗ್ಗಕ್ಕೆ ಎರಡು. ಒಂದು ಸೀರೆ ಇಳಿದಿದೆ. ಹೌದೋ?"

"ಹೌದು ಅಯ್ನೋರೆ. ನಿನ್ನೆ ಇಳೀಬೇಕಿತ್ತು, ಇವತ್ತು ಇಳೀತು ಅಂತಾನೂ ಓದ್ಬಿಡಿ, ಯಜಮಾನ್ರು ಬಾಯಲ್ಲಿ ಕೇಳೋದು ತಪ್ಪುತ್ತೆ."

ಹೀಗೆ ಆರು ಹೌದು ಬಿದ್ದ ಮೇಲೆ ಪುಸ್ತಕ ಮುಚ್ಚುವುದು. ನೇಯುವವರಿಗೆ ಅಕ್ಷರ ಬಾರದು, ನಮ್ಮ ಯಜಮಾನರಿಗೆ ಸಹಿಯಷ್ಟೇ. ಕಿವಿಗೆ ಸರಿ ಬಿದ್ದರೆ ಲೆಕ್ಕ ಸರಿ. ಆ ಕಾಲಕ್ಕೆ ಅದರಲ್ಲಿ ತಪ್ಪೇನೂ ನಮಗೆ ಕಾಣಲಿಲ್ಲ.

ಯುದ್ಧ ಬಂದು ನೂಲಿಗೆ ಕಂಟ್ರೋಲು ಬಂತು. ಸಾಹುಕಾರರು ನಂಬಿಕೆಯ ಮೇಲೆ ನೂಲು ಕೊಡುವುದು ನಿಂತು, ಸರ್ಕಾರದ ಡಿಪೋದಿಂದ ಕಾರ್ಡಿನ ಮೇಲೆ ಬರತೊಡಗಿತು. ಆ ವರ್ಷ ಮಾಘ ಮಾಸದಲ್ಲಿ ಹೊಸ ಹುಕುಂ ಬಂತು: ಮಗ್ಗದ ಯಜಮಾನರು ಹಿಂದಿನ ಆರು ತಿಂಗಳ ಪುಸ್ತಕ ತೋರಿಸಬೇಕು, ಬಂದ ನೂಲು, ಹೋದ ನೂಲು, ಉಳಿದ ನೂಲು ತಾಳೆಯಾಗಬೇಕು. ಆಗದಿದ್ದರೆ ಕಾರ್ಡು ರದ್ದು. ಕಾರ್ಡು ಹೋದರೆ ನೂಲಿಲ್ಲ, ನೂಲಿಲ್ಲದಿದ್ದರೆ ಆರು ಗುಂಡಿಗೂ ಮಣ್ಣು ಮುಚ್ಚುವುದೇ. ಪಕ್ಕದ ಬೀದಿಯಲ್ಲಿ ಹಾಗೆ ಎರಡು ಮನೆ ಆಗಲೇ ನಿಂತಿತ್ತು. ಹಗಲು ಹೊತ್ತು ಆ ಬೀದಿಯಲ್ಲಿ ಹೋದರೆ ಮಗ್ಗದ ಸದ್ದಿಲ್ಲದೆ ಕಿವಿ ಬಿಕೋ ಎನ್ನುತ್ತಿತ್ತು.

ನಮ್ಮಲ್ಲಿಗೆ ನೂಲಿನ ಇನ್ಸ್‌ಪೆಕ್ಟರು ಬರುವ ದಿನ ಗೊತ್ತಾಯಿತು. ಹತ್ತು ದಿನವಿತ್ತು. ಸರ್ಕಾರದ ಅಚ್ಚಿನ ಕಾಗದದಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ತುಂಬಬೇಕಂತೆ. ಅಯ್ನೋರಿಗೆ ಇಂಗ್ಲಿಷ್ ಬಾರದು. ಯಜಮಾನರು ಯೋಚಿಸಿ, ರೇಷ್ಮೆ ಡಿಪೋದಲ್ಲಿ ರೈಟರಾಗಿದ್ದು ಬಿಟ್ಟಿದ್ದ ಪೇಟೆಯ ಸಾಹೇಬರೊಬ್ಬರನ್ನು ಮಾತಾಡಿಸಿದರು. ಮನೆಯಲ್ಲಿ ದಖನಿ ಮಾತಾಡುವವರು, ಕನ್ನಡ ಓದುಬರಹ ಚೆನ್ನಾಗಿತ್ತು, ಇಂಗ್ಲಿಷೂ ಬರುತ್ತಿತ್ತು. ಇನ್ನು ಮುಂದೆ ಅವರೇ ಗುಮಾಸ್ತರು, ಅಯ್ನೋರು ವಯಸ್ಸಾದವರು, ಸುಮ್ಮನೆ ಬಂದು ಕೂತಿರಲಿ ಎಂದು ಯಜಮಾನರ ಮನಸ್ಸು.

ಅಯ್ನೋರು ಕೇಳಿ ಲೇಖನಿ ಒರೆಸಿ ಪೆಟ್ಟಿಗೆಯಲ್ಲಿಟ್ಟರು. ಆಮೇಲೆ, "ಬರಲಿ. ಪುಸ್ತಕ ಮಾತ್ರ ಅವರ ಕೈಗೆ ಬೇಡ. ನಾನು ಓದ್ತೀನಿ, ಅವರು ಬರ್ಕೊಳ್ಳಲಿ" ಎಂದರು.

"ಅದ್ ಹೆಂಗಾಗುತ್ತೆ ಅಯ್ನೋರೆ? ಗುಮಾಸ್ತರಾದ್ಮೇಲೆ ಪುಸ್ತಕ ನೋಡ್ದೆ ಇರ್ತಾರಾ?"

"ಇಪ್ಪತ್ತೆಂಟು ವರ್ಷ ನೀವು ನೋಡ್ದೆ ಇರ್ಲಿಲ್ವೇ?"

ಮುದುಕರ ಹಟ ಎಂದುಕೊಂಡೆವು. ಮಾರನೆಯ ಬೆಳಿಗ್ಗೆ ನಾನು ರಂಗೋಲಿ ಹಾಕಿ ಎದ್ದಾಗ ಗೋಡೆಯ ಬಳಿ ಚಾಪೆ ಸುತ್ತಿಟ್ಟ ಹಾಗೇ ಇತ್ತು. ಅಯ್ನೋರು ಬಂದಿರಲಿಲ್ಲ.

ಸಾಹೇಬರು ಬಂದರು. ತೆಳ್ಳಗೆ, ಬಿಳಿಯ ಗಡ್ಡ, ಮೂಗಿನ ತುದಿಯಲ್ಲಿ ಕನ್ನಡಕ. ಚಪ್ಪಲಿ ಕಳಚಿ, ನನಗೆ "ಸಲಾಂ ಅಮ್ಮಾ" ಎಂದು ಹೇಳಿ, ಚಾಪೆ ಬಿಡಿಸಿ ಕೂತು ಪೆಟ್ಟಿಗೆ ತೆರೆದರು. ನಾನು ಒಳಗೆ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವರ ದನಿ ಕೇಳಿಸಿತು.

"ಯಜಮಾನ್ರೇ, ಇದು ಹೊಸಾ ಪುಸ್ತಕ. ಹಳೇದು ಕೊಡ್ರಿ."

"ಅದೇ ಹಳೇದು ಸಾಹೇಬ್ರೆ."

"ಅಲ್ರೀ, ಇದ್ರಲ್ಲಿ ಏನೂ ಬರೆದೇ ಇಲ್ಲ."

ಬಾಗಿಲ ಬಳಿಯ ಮಗ್ಗದವನಿಗೆ ನಾಲಿಗೆ ಉದ್ದ. ಗುಂಡಿಯೊಳಗಿಂದಲೇ ಕೂಗಿದ: "ಕನ್ನಡಕ ಹಿಂದುಮುಂದಾಗಿದ್ಯೇನೋ ನೋಡಿ ಸಾಹೇಬ್ರೆ!" ಉಳಿದವರು ನಕ್ಕರು. ಸಾಹೇಬರು ನಗಲಿಲ್ಲ. ಯಜಮಾನರು ಹೋಗಿ ನೋಡಿದರು. ಒಂದೊಂದೇ ಹಾಳೆ ಮಗುಚುತ್ತಾ ಹೋದರು. ಲಾಳಿಗಳು ಒಂದೊಂದಾಗಿ ನಿಂತವು. ಹೊರಗೆ ಯಾವ ಮಾತೂ ಕೇಳಿಸದಿದ್ದಾಗ ನಾನೂ ಎದ್ದು ಹೋದೆ. ಆ ಪುಸ್ತಕದ ಮೇಲೆ ಅವತ್ತು ಎಂಟೊಂಬತ್ತು ಜನರ ನೆರಳು ಒಟ್ಟಿಗೆ ಬಿತ್ತು.

ಪುಸ್ತಕದ ಮೊದಲರ್ಧ ಅಯ್ನೋರ ದುಂಡು ಅಕ್ಷರದಿಂದ ತುಂಬಿತ್ತು. ಆಷಾಢ ಮುಗಿಯುವ ಕಡೆ ಮಸಿ ತೆಳುವಾಗುತ್ತಾ ಬಂದಿತ್ತು. ಕಡುನೀಲಿ ತಿಳಿನೀಲಿಯಾಗಿ, ತಿಳಿನೀಲಿ ಬೂದಿಯಾಗಿ, ಒಂದು ಹಾಳೆಯ ನಡುವೆ ಇದೆಯೋ ಇಲ್ಲವೋ ಎಂಬಷ್ಟಾಗಿ, ಆಮೇಲೆ ಇಲ್ಲ. ಶ್ರಾವಣದಿಂದ ಈಚೆಗೆ ಏಳು ತಿಂಗಳು ಬಿಳಿ ಹಾಳೆ. ಸಾಹೇಬರು ಒಂದು ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರು. ಆಗ ಕಂಡಿತು. ಹಾಳೆಯ ತುಂಬ ನಿಬ್ಬು ಒತ್ತಿದ ಗುರುತು, ಸಾಲಿಗೆ ಸಾಲು, ರೂಲು ದೊಣ್ಣೆ ಇಟ್ಟು ಬರೆದಷ್ಟು ನೇರ. ಆದರೆ ಒಂದೊಂದು ಸಾಲಿನ ಮೇಲೆ ಎರಡೆರಡು ಸಲ ಬರೆದು, ಯಾವ ಅಕ್ಷರ ಯಾವುದೆಂದು ಬಿಡಿಸಲಾಗದಂತೆ. ಒದ್ದೆಯಾಗಿ ಒಣಗಿದ ಕಾಗದದ ಹಾಗೆ ಅಲ್ಲಲ್ಲಿ ಮೇಲೆದ್ದಿತ್ತು.

ನಾನು ಹಾಳೆಯ ಮೇಲೆ ಬೆರಳಾಡಿಸಿದೆ. ಏನೋ ಪುಡಿಪುಡಿ ಹತ್ತಿತು. ಯಾಕೆ ಹಾಗೆ ಮಾಡಿದೆನೋ ತಿಳಿಯದು, ಬೆರಳನ್ನು ನಾಲಿಗೆಗೆ ಇಟ್ಟೆ. ವಿಷದ ಕಹಿ.

ಪೆಟ್ಟಿಗೆಯಲ್ಲಿ ಎರಡು ತಗಡಿನ ಡಬ್ಬಿಗಳಿದ್ದವು, ಒಂದೇ ಅಳತೆಯವು. ಒಂದರಲ್ಲಿ ಮಸಿ ಮಾಡುವ ನೀಲಿ ಗುಳಿಗೆ, ತುಂಬಿದ್ದು ತುಂಬಿದ ಹಾಗೇ ಇತ್ತು. ಇನ್ನೊಂದರಲ್ಲಿ ಜ್ವರದ ಬಿಳಿ ಗುಳಿಗೆ, ಕ್ವಿನೈನು, ತಳದಲ್ಲಿ ನಾಲ್ಕೈದು ಉಳಿದಿದ್ದವು. ಆಷಾಢದಲ್ಲಿ ಅಯ್ನೋರಿಗೆ ಚಳಿಜ್ವರ ಬಂದು ಇಪ್ಪತ್ತು ದಿನ ಮಲಗಿದ್ದು ನಮಗೆಲ್ಲ ಗೊತ್ತಿತ್ತು. ದಿನವೂ ಬೆಳಿಗ್ಗೆ ಮಸಿ ಕುಡಿಕೆಗೆ ನೀರು ಹೊಯ್ಯುತ್ತಿದ್ದವಳು ನಾನು. ಅದಕ್ಕೆ ಡಬ್ಬಿಯಿಂದ ಗುಳಿಗೆ ಹಾಕುತ್ತಿದ್ದವರು ಅವರು, ನೀಲಿಯೆಂದುಕೊಂಡು ಬಿಳಿಯದನ್ನು. ಕುಡಿಕೆಯ ಒಳಗೆ ಹಳೆಯ ಮಸಿಯ ಕಪ್ಪು ಅಂಟಿರುತ್ತಿತ್ತು, ಇಣುಕಿ ನೋಡುವ ಕೆಲಸ ಯಾರಿಗೂ ಇರಲಿಲ್ಲ.

ಆಗ ಒಂದು ನೆನಪಾಯಿತು. ಮೊದಲೆಲ್ಲ ಆ ಚಾಪೆಯ ಬಳಿ ನೆಲಕ್ಕೆ ಬಿದ್ದ ಮಸಿಯ ಹನಿಯನ್ನು ಹುಣಸೆಹುಳಿ ಹಾಕಿ ಉಜ್ಜುವುದು ನನಗೆ ದಿನದ ಕೆಲಸ. ಎಷ್ಟೋ ತಿಂಗಳಿಂದ ಉಜ್ಜಿಯೇ ಇರಲಿಲ್ಲ. ಅಯ್ನೋರು ಈಚೆಗೆ ಜೋಪಾನವಾಗಿ ಬರೆಯುತ್ತಾರೆ ಎಂದುಕೊಂಡಿದ್ದೆ.

"ಕಣ್ಣು ಹೋಗಿದೆ ಯಜಮಾನ್ರೇ ಅವರಿಗೆ" ಎಂದರು ಸಾಹೇಬರು, ಮೆಲ್ಲಗೆ.

"ಛೆ ಛೆ! ದಿನಾ ಓದ್ತಾ ಇದ್ರಲ್ರೀ ನಮ್ಮೆದುರಿಗೇ!"

"ಏನನ್ನ ಓದ್ತಿದ್ರು?"

ಏಳು ತಿಂಗಳು ದಿನವೂ ಸಂಜೆ ನಾವೆಲ್ಲ ನಿಂತು ಹೌದು ಹೌದು ಎಂದಿದ್ದೆವು.

ನಾನೂ ಯಜಮಾನರೂ ಅವರ ಮನೆಗೆ ಹೋದೆವು. ಹಾಡುಹಗಲು, ಬೀದಿಯಲ್ಲಿ ಮಗ್ಗದ ಹಾಸಿನ ಎಳೆಗಳಿಗೆ ಗಂಜಿ ಹಾಕಿ ಒಣಗಿಸುತ್ತಿದ್ದರು. ಅಯ್ನೋರ ಮನೆಯ ಕಿಟಕಿ ಬಾಗಿಲು ಎಲ್ಲ ಮುಚ್ಚಿತ್ತು. ಒಳಗೆ ಕತ್ತಲು. ಅವರು ಕಂಬಕ್ಕೆ ಒರಗಿ ಕೂತಿದ್ದರು, ನೆಟ್ಟಗೆ, ಪಡಸಾಲೆಯಲ್ಲಿ ಕೂರುವ ಹಾಗೇ. ತಾವು ಕತ್ತಲಲ್ಲಿ ಕೂತಿರುವುದು ಅವರಿಗೆ ಗೊತ್ತೇ ಇರಲಿಲ್ಲ.

"ಇಬ್ಬರೂ ಬಂದ್ರಾ" ಎಂದರು. "ಹೊಸಬರು ಪುಸ್ತಕ ನೋಡಿದ್ರೋ?"

"ನೋಡಿದ್ರು ಅಯ್ನೋರೆ."

"ಹೇಳೋಣ ಅಂತ ಎಷ್ಟೋ ಸಲ ಬಾಯಿಗೆ ಬಂತು ಯಜಮಾನ್ರೇ. ಕೈ ಇನ್ನೂ ಇದೆಯಲ್ಲ ಅನ್ನಿಸ್ತು. ಕೈಗೆ ಗೊತ್ತು." ತುಸು ತಡೆದು ಕೇಳಿದರು: "ಅಕ್ಷರ ಸೊಟ್ಟಗಿದ್ಯಾ?"

ಆಗ ನಮಗೆ ತಿಳಿಯಿತು. ಕಣ್ಣು ಹೋಗಿದೆಯೆಂದು ಅವರಿಗೆ ಗೊತ್ತು. ಪುಸ್ತಕ ಖಾಲಿಯೆಂದು ಗೊತ್ತಿಲ್ಲ.

ಯಜಮಾನರು ನನ್ನ ಮುಖ ನೋಡಿದರು. "ಇಲ್ಲ ಅಯ್ನೋರೆ. ನೇರವಾಗಿದೆ" ಎಂದರು.

"ಹಾಂ" ಎಂದು ಅಯ್ನೋರು ತಲೆಯಾಡಿಸಿದರು. ಅಂಥ ಸಮಾಧಾನ ಅವರ ಮುಖದಲ್ಲಿ ನಾನು ಹಿಂದೆ ಕಂಡಿರಲಿಲ್ಲ.

ದಾರಿಯಲ್ಲಿ ಯಜಮಾನರು ಗೊಣಗಿದರು. "ಈಗೇನೇ ಮಾಡೋದು? ಇನ್ಸ್‌ಪೆಕ್ಟರು ಬರಕ್ಕೆ ಒಂಬತ್ತು ದಿನ. ಖಾಲಿ ಪುಸ್ತಕ ತೋರ್ಸಿದ್ರೆ ನೂಲು ಕಳ್ಳಸಂತೇಲಿ ಮಾರ್ಕೊಂಡಿದ್ದೀವಿ ಅಂತಾರೆ."

ದಾರಿ ಕಾಣಿಸಿದವರು ಸಾಹೇಬರೇ. "ಮುದುಕರು ಹೇಳಿದ್ರಂತಲ್ಲ, ನಾನು ಓದ್ತೀನಿ ನೀವು ಬರ್ಕೊಳ್ಳಿ ಅಂತ. ಹಾಗೇ ಮಾಡೋಣ. ಆದ್ರೆ ಸುಳ್ಳು ಬರೆಯಲ್ಲ ನಾನು. ಮೇಲ್ಗಡೆ ಬರೀತೀನಿ, ಹಳೇ ಗುಮಾಸ್ತರು ಹೇಳಿದಂತೆ ಬರೆದದ್ದು ಅಂತ. ತಾಳೆಯಾದ್ರೆ ಆಯ್ತು, ಇಲ್ದಿದ್ರೆ ನಿಮ್ಮ ನಸೀಬು."

ಹೀಗೆ ನಾಲ್ಕು ಮಧ್ಯಾಹ್ನ ಓದು ನಡೆಯಿತು. ಅಯ್ನೋರು ತಮ್ಮ ಚಾಪೆಯಲ್ಲಿ, ಎದುರಿಗೆ ಸಾಹೇಬರು ಹೊಸ ಪುಸ್ತಕ ತೊಡೆಯ ಮೇಲಿಟ್ಟುಕೊಂಡು. ಆರು ಜನರೂ ಗುಂಡಿಯಿಂದೆದ್ದು ಬಂದು ಸಾಲಾಗಿ ನಿಂತರು. ಪುಸ್ತಕ ಖಾಲಿಯೆಂದು ಯಾರೂ ಬಾಯಿ ಬಿಡಬಾರದೆಂದು ಯಜಮಾನರು ಎಲ್ಲರಿಗೂ ಹೇಳಿದ್ದರು. ಅಯ್ನೋರು ಬಿಳಿ ಹಾಳೆಯ ಮೇಲೆ ಬಲಗೈಯ ಎರಡು ಬೆರಳು ಇಟ್ಟು, ಎಡದಿಂದ ಬಲಕ್ಕೆ ಜರುಗಿಸುತ್ತಾ ಶುರು ಮಾಡಿದರು.

"ಶ್ರಾವಣ ಶುದ್ಧ ಪಾಡ್ಯ. ಒಂದನೇ ಮಗ್ಗಕ್ಕೆ ಮೂರು ಲಡಿ. ಹೌದೋ?"

"ಹೌದು ಅಯ್ನೋರೆ."

ದಿನಕ್ಕೆ ದಿನ, ತಿಥಿಗೆ ತಿಥಿ. ಎಲ್ಲಿ ಹಾಳೆ ಮುಗಿಯಬೇಕೋ ಅಲ್ಲಿ ಮಗುಚುತ್ತಿದ್ದರು. ಒಂದು ದಿನ ಹಾಸು ಹರಿದು ನಾಲ್ಕನೇ ಮಗ್ಗ ನಿಂತದ್ದು, ಗೌರಿ ಹಬ್ಬಕ್ಕೆ ರಜೆಯಾದದ್ದು, ಇಲಿ ಕಡಿದ ಅರ್ಧ ಲಡಿ, ಯಾವುದೂ ತಪ್ಪಲಿಲ್ಲ. ನೇಯುವವರು ಮೊದಲ ದಿನ ಬೆರಗಾದರು, ಎರಡನೆಯ ದಿನ ಅವರ ಹೌದು ಸಣ್ಣದಾಯಿತು. ಮೂರನೆಯ ದಿನ ಆ ಉದ್ದ ನಾಲಿಗೆಯವನು ಕೂಡ ತಮಾಷೆ ಬಿಟ್ಟು, ಕೈಕಟ್ಟಿ ನೆಲ ನೋಡುತ್ತಾ ನಿಂತಿದ್ದ. ಎದುರಿಗೆ ಬಿಳಿ ಹಾಳೆ, ಅದರ ಮೇಲೆ ಹರಿಯುವ ಬೆರಳು, ಅದರಿಂದ ನಾವು ಬದುಕಿದ ದಿನಗಳೆಲ್ಲ ಎದ್ದು ಬರುತ್ತಿರುವುದು. ನೋಡಬಾರದ್ದನ್ನು ನೋಡುತ್ತಿದ್ದೇವೆ ಅನ್ನಿಸುತ್ತಿತ್ತು.

ನಡುವೆ ಒಮ್ಮೆ ಅಯ್ನೋರು ಮೂಗು ಎತ್ತಿ, "ಸಾಹೇಬರ ಮಸಿ ಘಮ್ಮಂತಿದೆ. ನಮ್ಮದಕ್ಕೆ ವಾಸನೆಯೇ ಇಲ್ಲ, ಏನು ಯುದ್ಧದ ಕಾಲದ ಗುಳಿಗೆಯೋ" ಎಂದರು. ಸಾಹೇಬರ ಲೇಖನಿ ಅರೆಗಳಿಗೆ ನಿಂತಿತು. "ಹೌದು ಸ್ವಾಮಿ, ನಂದು ಹಳೇ ಸ್ಟಾಕು" ಎಂದು ಮತ್ತೆ ಅದ್ದಿದರು.

ಇನ್ನು ನನ್ನ ವಿಷಯ. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಬರೆದು ಪ್ರಯೋಜನವಿಲ್ಲ.

ಕಾರ್ತೀಕದಲ್ಲಿ ನಮಗೆ ಸೀಮೆಎಣ್ಣೆ ಸಾಲದೆ ಬಂತು. ಎಣ್ಣೆ ಮಾರುವವಳು, ಒಂದು ಲಡಿ ನೂಲು ಕೊಟ್ಟರೆ ಒಂದು ಬಾಟಲಿ ಕೊಡುತ್ತೇನೆ ಎಂದಳು. ಯಜಮಾನರಿಗೆ ಹೇಳಿದರೆ ಖಂಡಿತ ಒಪ್ಪುವವರಲ್ಲ. ಕಂಟ್ರೋಲಿನ ನೂಲು ಮಗ್ಗಕ್ಕಲ್ಲದೆ ಬೇರೆಲ್ಲೂ ಹೋಗಕೂಡದು. ಒಂದು ಮಂಗಳವಾರ ಅವರು ಬೆಳಿಗ್ಗೆ ನೂಲು ಹಂಚಿ, ಸಂಜೆಯ ಓದಿಗೆ ಮರಳುವಂತೆ ಬಣ್ಣ ತರಲು ಬೆಂಗಳೂರಿಗೆ ಹೋಗಿದ್ದರು. ಮಧ್ಯಾಹ್ನ ಆರು ಜನರಿಗೂ ಹಿತ್ತಲಲ್ಲಿ ಮುದ್ದೆ ಬಡಿಸಿ, ಅವರು ಉಣ್ಣುತ್ತಿರುವಾಗ ನಾನು ಪಡಸಾಲೆಗೆ ಬಂದೆ. ಬಳೆಗಳನ್ನು ಮೊಣಕೈವರೆಗೆ ಏರಿಸಿ ಇನ್ನೊಂದು ಕೈಯಲ್ಲಿ ಅದುಮಿ ಹಿಡಿದಿದ್ದೆ. ಉಗ್ರಾಣದ ಬಾಗಿಲು ತೆಗೆದು, ಒಂದು ಲಡಿ ಎತ್ತಿ ಸೆರಗಿನೊಳಗೆ ಇಟ್ಟು ಹೊರಗೆ ಬಂದರೆ ಅಯ್ನೋರು ನನ್ನನ್ನೇ ನೋಡುತ್ತಿದ್ದರು. ಕಣ್ಣು ತೆರೆದು, ನೇರವಾಗಿ ನನ್ನ ಮುಖಕ್ಕೆ. ನಾನು ಕಲ್ಲಾದೆ. ಅವರು ಏನೂ ಅನ್ನಲಿಲ್ಲ. ತಲೆ ತಗ್ಗಿಸಿ ಒಳಗೆ ಬಂದುಬಿಟ್ಟೆ. ಅಂದು ಸಂಜೆಯ ಓದಿನಲ್ಲೂ ಅದು ಬರಲಿಲ್ಲ. ಹೆಣ್ಣುಮಗಳ ಮಾನ ಕಾದರು ಎಂದು ಅವತ್ತಿನಿಂದ ಅವರಿಗೆ ದಿನಾ ಕೊಡುವ ಮಜ್ಜಿಗೆಗೆ ಎರಡು ಕಾಳು ಉಪ್ಪು, ಒಗ್ಗರಣೆ ಎಲ್ಲ ನಾನೇ ನಿಂತು ನೋಡಿ ಹಾಕುತ್ತಿದ್ದೆ.

ಕಣ್ಣಿಲ್ಲವೆಂದು ತಿಳಿದಾಗ, ನಿಜ ಹೇಳುತ್ತೇನೆ, ನನಗೆ ಮೊದಲು ಬಂದದ್ದು ದುಃಖವಲ್ಲ. ಸದ್ಯ, ಅವರು ಕಂಡಿರಲಿಲ್ಲ ಎಂಬ ನಿರಾಳ.

ಮೂರನೆಯ ಮಧ್ಯಾಹ್ನ ಬೆರಳು ಕಾರ್ತೀಕಕ್ಕೆ ಬಂತು. ಆ ಮಂಗಳವಾರ ಬಂತು. ಆರು ಮಗ್ಗ, ಆರು ಹೌದು. ನಾನು ಒಳಬಾಗಿಲಿನ ಹಿಂದೆ ನಿಂತಿದ್ದೆ. ಬೆರಳು ಮುಂದಿನ ಸಾಲಿಗೆ ಇಳಿಯಿತು.

"ಮನೆಯ ಬಳಕೆಗೆ, ಎರಡು ಲಡಿ."

ಯಾರೂ ಹೌದು ಎನ್ನಲಿಲ್ಲ. ಯಜಮಾನರು, "ಇದನ್ನ ಅವತ್ತು ಓದಿರ್ಲಿಲ್ವಲ್ಲ ಅಯ್ನೋರೆ" ಎಂದರು.

"ಓದಿರ್ಲಿಲ್ಲ. ಬರೆದಿದ್ದೆ."

ಹೇಳುತ್ತಾ ಅವರು ಮುಖ ತಿರುಗಿಸಿದರು. ಯಜಮಾನರ ಕಡೆಗಲ್ಲ, ನಾನು ನಿಂತಿದ್ದ ಬಾಗಿಲ ಕಡೆಗೆ. ಆದರೆ ಭಯದ ನಡುವೆಯೂ ಮನಸ್ಸು ಒಂದೇ ಮಾತನ್ನು ಹಿಡಿದಿತ್ತು. ಎರಡಲ್ಲ, ನಾನು ತೆಗೆದದ್ದು ಒಂದು. ಈ ಒಂದು ಕಡೆ ಮುದುಕರು ತಪ್ಪಿದ್ದಾರೆ. ತಪ್ಪಿದ್ದರೆ ಉಳಿದ ನೂಲು ಒಂದು ಲಡಿ ಹೆಚ್ಚಿಗೆ ಬರುತ್ತದೆ, ತಾಳೆಯಾಗುವುದಿಲ್ಲ, ಕಾರ್ಡು ಹೋಗುತ್ತದೆ. ಹೇಳೋಣವೆಂದರೆ ಒಂದು ತೆಗೆದದ್ದನ್ನೂ ಒಪ್ಪಿಕೊಳ್ಳಬೇಕು. ನಾನು ಹೇಳಲಿಲ್ಲ. ಸಾಹೇಬರು ಎರಡು ಎಂದು ಬರೆದುಕೊಂಡರು.

ಪೆಟ್ರೋಲು ಸಿಗದ ಕಾಲ, ಇನ್ಸ್‌ಪೆಕ್ಟರು ಇದ್ದಿಲು ಉರಿಸಿ ಓಡಿಸುವ ಬಸ್ಸಿನಲ್ಲಿ ಬಂದರು. ಷರಟಿನ ಕಾಲರೆಲ್ಲ ಮಸಿ ಹಿಡಿದು ಸಿಡಿಮಿಡಿಯಾಗಿದ್ದರು. ಸಾಹೇಬರು ಬಾಗಿಲಲ್ಲೇ ಅವರನ್ನು ನಿಲ್ಲಿಸಿ, ಇಂಗ್ಲಿಷಿನಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದರಂತೆ, ಮುದುಕರಿಗೆ ಗೊತ್ತಾಗದಿರಲಿ ಎಂದೂ ಬೇಡಿಕೊಂಡರಂತೆ. ಇನ್ಸ್‌ಪೆಕ್ಟರು ಹುಬ್ಬು ಗಂಟಿಕ್ಕಿಕೊಂಡೇ ಒಳಗೆ ಬಂದರು.

"ಮೊದ್ಲು ಉಗ್ರಾಣ ತೆಗೀರಿ. ಕಥೆ ಆಮೇಲೆ ಕೇಳ್ತೀನಿ."

ಕಟ್ಟುಗಳನ್ನು ಹೊರಗೆ ತಂದು ಸುರಿದರು. ಒಂದೊಂದೇ ಲಡಿ ಎಣಿಸಿದರು. ಸಾಹೇಬರ ಪುಸ್ತಕದ ಪ್ರಕಾರ ಉಳಿದಿರಬೇಕಾದದ್ದು ಎಷ್ಟೋ ಅಷ್ಟೇ ಇತ್ತು. ಇನ್ಸ್‌ಪೆಕ್ಟರು ನಂಬದೆ ಎರಡನೆಯ ಸಲ ಎಣಿಸಿದರು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಬಾಗಿಲ ಹಿಂದೆ ನಾನೂ ಅವರ ಜೊತೆ ಎಣಿಸುತ್ತಿದ್ದೆ. ಎರಡು ಹೋಗಿದ್ದವು, ಒಂದಲ್ಲ.

"ಸರಿ. ಈ ಮನೆಯ ಬಳಕೆಗೆ ಎರಡು ಲಡಿ ಅಂತ ಇದೆಯಲ್ಲ, ಯಾರ್ರೀ ತಗೊಂಡೋರು?"

"ನಾನು ಸ್ವಾಮಿ" ಎಂದರು ಯಜಮಾನರು, ಆ ಮಾತು ಮುಗಿಯುವ ಮೊದಲೇ.

"ಏನಕ್ಕೆ?"

"ಮನೇಲಿ ಬೇಕಾಗಿತ್ತು ಸ್ವಾಮಿ. ತಪ್ಪಾಯ್ತು."

ಇನ್ಸ್‌ಪೆಕ್ಟರು ಅದನ್ನು ಬರೆದುಕೊಂಡು ಅಯ್ನೋರ ಮುಂದೆ ಕೂತರು. ಹಳೆಯ ಪುಸ್ತಕವನ್ನು ತೆರೆದು, ಎಲ್ಲೋ ಒಂದು ಬಿಳಿ ಹಾಳೆಯನ್ನು ಅವರ ಕೈಕೆಳಗೆ ಜರುಗಿಸಿದರು. "ಇದ್ಯಾವ ದಿನ ತಾತ?" ಅಯ್ನೋರು ಬೆರಳಾಡಿಸಿ ಹೇಳಿದರು. ಸಾಹೇಬರ ಪುಸ್ತಕದಲ್ಲಿ ಅದೇ ದಿನ, ಅದೇ ಲೆಕ್ಕ. ಇನ್ನೊಂದು ಹಾಳೆ. ಅದೂ ಸರಿ. ಮೂರನೆಯ ಸಲ ಇನ್ಸ್‌ಪೆಕ್ಟರು ಸದ್ದಾಗದಂತೆ ತಮ್ಮ ಚೀಲದಿಂದ ತಮ್ಮದೇ ಒಂದು ಬಿಳಿ ಕಾಗದ ತೆಗೆದು ಪುಸ್ತಕದ ಮೇಲೆ ಹರಡಿ ಇಟ್ಟರು. ನೋಡುವವರ ಕಣ್ಣಿಗೆ ಅದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಅಯ್ನೋರು ಬೆರಳಿಟ್ಟರು. ಎಡದಿಂದ ಬಲಕ್ಕೆ ಜರುಗಿಸಿದರು. ಇನ್ನೊಂದು ಸಾಲು, ಇನ್ನೊಂದು. ಮಾಕಳಿದುರ್ಗದ ಬೆಟ್ಟದ ಕಡೆಯಿಂದ ಗಾಳಿ ಬೀಸಿ ಕಾಗದದ ಅಂಚು ಪಟಪಟ ಎಂದಿತು.

"ಇದರಲ್ಲಿ ಏನೂ ಬರೆದಿಲ್ಲವಲ್ಲ ಸ್ವಾಮಿ" ಎಂದರು ಅಯ್ನೋರು. "ಇದು ಖಾಲಿ ಹಾಳೆ."

ಇನ್ಸ್‌ಪೆಕ್ಟರು ಕಾಗದವನ್ನು ಹಿಂದಕ್ಕೆ ಎಳೆದುಕೊಂಡು ಮಡಿಸಿ ಚೀಲಕ್ಕೆ ಹಾಕಿದರು. ಕಾರ್ಡಿನ ಮೇಲೆ ಸಹಿ ಹಾಕಿದರು. ಮುಂದಿನ ಕಂತಿನಲ್ಲಿ ಎರಡು ಲಡಿ ಕಡಿತ ಎಂದು ಬರೆದರು. ನಾನು ಒಳಗಿನಿಂದ ಕಳಿಸಿದ್ದ ಕಾಫಿಯನ್ನು ಮುಟ್ಟದೆ ಬಸ್ಸಿಗೆ ಹೊರಟುಹೋದರು.

ಅಯ್ನೋರ ಮಗಳನ್ನು ಹೊಸಕೋಟೆಗೆ ಕೊಟ್ಟಿತ್ತು. ಅಳಿಯ ಬಂದು ಅವರನ್ನು ಕರೆದುಕೊಂಡು ಹೋದ. ನಮ್ಮಲ್ಲೇ ಇರಿ ಎಂದು ಯಜಮಾನರು ಎಷ್ಟು ಹೇಳಿದರೂ ಕೇಳಲಿಲ್ಲ. ಹೋಗುವಾಗ ಪಡಸಾಲೆಯಲ್ಲಿ ನಿಂತು, "ಪುಸ್ತಕ ಜೋಪಾನ ಯಜಮಾನ್ರೇ. ತೇವ ತಾಗದ ಹಾಗೆ ಇಡಿ. ಅಕ್ಷರ ಅಳಿಸಿಹೋದರೆ ಮತ್ತೆ ಬರೆಯೋನು ನಾನಿಲ್ಲ" ಎಂದರು. "ಆಗಲಿ ಅಯ್ನೋರೆ" ಎಂದು ಯಜಮಾನರು ಮುಖ ಆ ಕಡೆ ಮಾಡಿಕೊಂಡರು. ನಾನು ಅವರಿಗೆ ಮಜ್ಜಿಗೆ ಕೊಟ್ಟೆ. ಎರಡನೆಯ ಲಡಿ ಯಾರು ತೆಗೆದದ್ದೆಂದು ಕೇಳಬೇಕೆಂದಿದ್ದೆ, ಆಗಲಿಲ್ಲ. ಅಳಿಯ ಪಕ್ಕದಲ್ಲೇ ನಿಂತಿದ್ದ.

ಹದಿನೈದು ದಿನಕ್ಕೆ ಡಿಪೋದಿಂದ ನೂಲು ಬಂತು, ಎರಡು ಲಡಿ ಕಡಿಮೆ. ಸಾಹೇಬರು ಹೊಸ ಪುಸ್ತಕದಲ್ಲಿ ಬರೆದುಕೊಂಡು ಊಟಕ್ಕೆ ಮನೆಗೆ ಹೋದರು. ಮಗ್ಗಗಳು ನಡೆಯುತ್ತಿದ್ದವು. ಯಜಮಾನರು ಕಟ್ಟುಗಳನ್ನು ಒಳಗೆ ಜೋಡಿಸುತ್ತಿದ್ದರು, ನಾನು ಎತ್ತಿಕೊಡುತ್ತಿದ್ದೆ. ಇಬ್ಬರೇ ಇದ್ದೆವು. ಇನ್ನು ತಡೆಯಲಾರದೆ ಹೇಳಿಬಿಟ್ಟೆ.

"ರೀ, ನಾನು ತಗೊಂಡಿದ್ದು ಒಂದೇ. ಸೀಮೆಎಣ್ಣೆಗೆ. ನನ್ನಿಂದ ತಪ್ಪಾಯ್ತು. ಆದ್ರೆ ಇನ್ನೊಂದು ನಿಮ್ದು ಅಂತ ನಂಗೂ ಗೊತ್ತು. ಏನಕ್ಕೆ ಅಂತ ನಾನೇನೂ ಕೇಳಲ್ಲ ಬಿಡಿ."

ಅವರ ಕೈ ನಿಂತಿತು.

"ಒಂದೇನಾ?"

"ದೇವ್ರಾಣೆ ಒಂದೇ."

"ಎರಡೂ ನಿಂದೇ ಅಂದ್ಕೊಂಡು, ತಗೊಂಡಿದ್ದು ನಾನು ಅಂತ ಮುಂದೆ ಬಿದ್ನಲ್ಲೇ. ಮುದುಕರು ನಿನ್ ಕಡೆ ತಿರುಗಿದಾಗ್ಲೇ ಗೊತ್ತಾಗಿತ್ತು ನಂಗೆ." ಕೈಯಲ್ಲಿದ್ದ ಕಟ್ಟನ್ನು ಕೆಳಗಿಟ್ಟು ಮೆಲ್ಲಗೆ ಅಂದರು: "ಅವತ್ತು ಹಗಲೆಲ್ಲಾ ನಾನು ಊರಲ್ಲೇ ಇರ್ಲಿಲ್ಲ ಕಣೇ."

"ಆರು ಜನಕ್ಕೂ ನಾನೇ ಬಡಿಸ್ತಾ ಇದ್ದೆ. ಯಾರೂ ಎದ್ದಿರ್ಲಿಲ್ಲ."

"ಹಾಗಾದ್ರೆ ಅವತ್ತು ನಿನ್ ಜೊತೆ ಒಳಗೆ ಇನ್ಯಾರಿದ್ರೇ?" ಎಂದು ಅವರು ಉಗ್ರಾಣದ ಮೂಲೆಯ ಕಡೆ ನೋಡಿದರು.

ಅಯ್ನೋರನ್ನೇ ಅನುಮಾನಿಸೋಣವೆಂದರೆ, ತಾನೇ ತೆಗೆದದ್ದನ್ನು ತಾನೇ ಬರೆದಿಟ್ಟು, ಓದಿ ಹೇಳುವವರು ಎಲ್ಲಿಯಾದರೂ ಇದ್ದಾರೆಯೇ? ಹೊಸಕೋಟೆಗೆ ಒಂದು ಕಾಗದ ಬರೆಸಿ ಕೇಳೋಣ ಎಂದೆ. ಏನಂತ ಬರೆಸುವುದು, ಓದಿ ಹೇಳುವವನು ಅಳಿಯ ಎಂದರು ಯಜಮಾನರು. ಯುಗಾದಿ ಕಳೆದ ಮೇಲೆ ಅಯ್ನೋರು ತೀರಿಕೊಂಡ ಸುದ್ದಿ ಬಂತು.

ಅವತ್ತು ಉಗ್ರಾಣದೊಳಗೆ ಉಳಿದ ಕಟ್ಟುಗಳನ್ನು ಬೇಗ ಬೇಗ ಜೋಡಿಸಿದೆವು. ಕೊನೆಯ ಕಟ್ಟು ಒಳಗಿಟ್ಟಾಗ ಯಜಮಾನರು, ನೀನು ಮೊದಲು ಹೊರಡು ಎಂದು ಕೈ ಮಾಡಿದರು. ನಾನು ಹೊಸ್ತಿಲು ದಾಟಿದೆ. ಅವರು ನನ್ನ ಹಿಂದೆಯೇ ಬಂದು, ಬಾಗಿಲು ಎಳೆದು, ಚಿಲಕ ಹಾಕಿ, ಹಾಕಿದ ಚಿಲಕವನ್ನು ಒಮ್ಮೆ ಜಗ್ಗಿ ನೋಡಿದರು. ಮಾರನೆಯ ದಿನದಿಂದ ಒಬ್ಬರು ಲಡಿ ತೆಗೆಯಲು ಒಳಗೆ ಹೋದರೆ ಇನ್ನೊಬ್ಬರು ಬಾಗಿಲಲ್ಲಿ ನಿಲ್ಲುವುದು ರೂಢಿಯಾಯಿತು.